ಐದು ದಾಳ, ಆರು ಪದ

ಗಂಡನನ್ನು ಮಣ್ಣು ಮಾಡಿದ ಮಾರನೇ ದಿನ ಹಿಲ್ಕಾ ಅವನ ಕಂಪ್ಯೂಟರಿನ ಮುಂದೆ ಕೂತಳು. ಅಲ್ಲಿಯವರೆಗೆ ಅದನ್ನು ತೆರೆಯಬೇಕು ಅಂತ ಅನ್ನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಏನೂ ಅನ್ನಿಸಿರಲಿಲ್ಲ. ಶವಪೆಟ್ಟಿಗೆ ಆರಿಸಿದ್ದಳು, ಪಾದ್ರಿಯ ಜೊತೆ ಕೂತು ಹಾಡುಗಳನ್ನು ಗೊತ್ತು ಮಾಡಿದ್ದಳು, ಬಂದವರಿಗೆಲ್ಲ ಸಾಲ್ಮನ್ ಸೂಪು, ಕಾಫಿ, ಏಲಕ್ಕಿ ಬನ್ನು ಬಡಿಸಿ ಕೊನೆಗೆ ತಾನೇ ಲೋಟ ತೊಳೆದಿದ್ದಳು. ಗಟ್ಟಿ ಹೆಂಗಸು ಅಂತ ಊರವರು ಮೆಚ್ಚಿ ಮಾತಾಡಿಕೊಂಡರು. ಊರಿನ ಬಾಯಿಗೆ ಏನು, ಅತ್ತರೆ ಒಂದು, ಅಳದಿದ್ದರೆ ಇನ್ನೊಂದು. ಗಟ್ಟಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಚುಚ್ಚುವ ಸೂಜಿಮದ್ದು ದವಡೆಗೆ ಮಾಡುವ ಹಾಗೆ ಏನೋ ಒಂದು ಅವಳಿಗೆ ತಲೆಯಿಂದ ಕಾಲಿನವರೆಗೆ ಆಗಿತ್ತು, ಅಷ್ಟೇ.

ಆ ಬೆಳಿಗ್ಗೆ ಮಾತ್ರ ಒಂದು ಸಂಗತಿ ನಡೆಯಿತು. ಸೌದೆ ತರಲು ಕೊಟ್ಟಿಗೆಗೆ ಹೋದಾಗ, ಗಂಡ ವಾಲ್ಟೊ ಅಲ್ಲಿಂದ ತನ್ನನ್ನು ಕೂಗುತ್ತಿದ್ದದ್ದು ನೆನಪಾಯಿತು. ಕೂಗುತ್ತಿದ್ದ ಅನ್ನುವುದು ನೆನಪಾಯಿತು. ಏನು ಕೂಗುತ್ತಿದ್ದ ಅನ್ನುವುದೂ ನೆನಪಾಯಿತು. ದನಿ ಮಾತ್ರ ಬರಲಿಲ್ಲ. ಹಿಲ್ಕಾ ಸೌದೆ ಹಿಡಿದು ಬಹಳ ಹೊತ್ತು ಹಿಮದಲ್ಲಿ ನಿಂತು ನೋಡಿದಳು. ಬರಲಿಲ್ಲ.

ಆ ದೇಶದಲ್ಲಿ ಮಣ್ಣು ಮಾಡುವುದು ಸತ್ತ ಎರಡು ಮೂರು ವಾರಕ್ಕೆ. ಮೂವತ್ತನಾಲ್ಕು ವರ್ಷ ಜೊತೆಯಲ್ಲಿದ್ದವನ ದನಿ ಹದಿನೆಂಟು ದಿನದಲ್ಲಿ ಹೋಗಿಬಿಡುತ್ತದೆಯೇ ಅಂತ ಯಾರಾದರೂ ಕೇಳಬಹುದು. ಹೋಗುತ್ತದೆ. ಮುಖಕ್ಕಾದರೆ ಫೋಟೋ ಇರುತ್ತದೆ. ದನಿಗೆ ಏನಿದೆ? ವಾಲ್ಟೊ ಫೋನಿನಲ್ಲಿ 'ನಾನೀಗ ಸಿಗಲಾರೆ, ಸಂದೇಶ ಬಿಡಿ' ಅನ್ನುವ ನಾಲ್ಕು ಮಾತು ಕೂಡ ಮುದ್ರಿಸಿಟ್ಟವನಲ್ಲ. ಹೆಸರು, ದನಿ ಎರಡನ್ನೂ ಕಳ್ಳರಿಗೆ ಪುಕ್ಕಟೆ ಯಾಕೆ ಕೊಡಬೇಕು ಅನ್ನುವುದು ಅವನ ವಾದ. ಇದ್ದದ್ದು ಒಂದೇ ಒಂದು ವಿಡಿಯೋ. ಹಿಂದಿನ ಜೂನ್‌ನಲ್ಲಿ, ಸೂರ್ಯ ಮುಳುಗದ ಹಬ್ಬಕ್ಕೆ ಸರೋವರದ ದಂಡೆಯ ತಮ್ಮ ಬೇಸಿಗೆಯ ಗುಡಿಸಲಿಗೆ ಹೋಗಿದ್ದಾಗ, ಅವನು ಕೆಂಡದ ಮೇಲೆ ಸಾಸೇಜು ಸುಡುತ್ತಿದ್ದದ್ದನ್ನು ಅವಳು ತನ್ನ ಫೋನಿನಲ್ಲಿ ಹಿಡಿದಿದ್ದಳು. ನಲವತ್ತೊಂದು ಸೆಕೆಂಡು. ಅದರಲ್ಲಿ ಅವನು ಏನೋ ಮಾತಾಡಿದ್ದ. ಏನು ಅನ್ನುವುದು ಅವಳಿಗೆ ನೆನಪಿರಲಿಲ್ಲ. ಊರಿಗೆ ಮರಳಿದ ಮೇಲೆ ವಾಲ್ಟೊ, ಫೋನು ಕಳೆದುಹೋಗುತ್ತದೆ ಅಂತ ಹೇಳಿ, ಅದನ್ನೂ ಹದಿನಾಲ್ಕು ಬೇಸಿಗೆಗಳ ಫೋಟೋಗಳನ್ನೂ ತನ್ನ ಕಂಪ್ಯೂಟರಿಗೆ ಸಾಗಿಸಿ, ಫೋನಿನಿಂದ ಒರೆಸಿ, ಬೀಗ ಹಾಕಿದ್ದ.

ಬೀಗದ ವಿಷಯಕ್ಕೆ ಬಂದರೆ, ವಾಲ್ಟೊನ ಜೀವನವೇ ಬೀಗ. ಮೂವತ್ತೆಂಟು ವರ್ಷ ಊರಿನ ಶಾಲೆಯ ಕಟ್ಟಡ ನೋಡಿಕೊಂಡವನು. ಸೊಂಟದಲ್ಲಿ ನೂರಹನ್ನೆರಡು ಕೀಲಿಕೈ. ನಿವೃತ್ತಿಯಾದ ದಿನ ಗೊಂಚಲನ್ನು ಬಿಚ್ಚಿ ಕೊಟ್ಟು ಬಂದಮೇಲೆ ಒಂದು ವಾರ ಓರೆಯಾಗಿ ನಡೆಯುತ್ತಿದ್ದ, ಭಾರ ಕಡಿಮೆಯಾಗಿ. ಆಮೇಲೆ ಅವನ ಜೊತೆಯವರೆಲ್ಲ ಮಂಜುಗಡ್ಡೆಗೆ ತೂತು ಕೊರೆದು ಮೀನಿಗೆ ಕಾಯುತ್ತ ಕೂತರೆ, ಇವನು ಪಾಸ್‌ವರ್ಡುಗಳ ಬಗ್ಗೆ ಓದುತ್ತ ಕೂತ. ಗ್ರಂಥಾಲಯದವರಿಗೆ ಹೇಳಿ ಬೇರೆ ಊರುಗಳಿಂದ ಪುಸ್ತಕ ತರಿಸುವುದು, ಇಂಗ್ಲಿಷ್ ಲೇಖನಗಳನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ವಾರಕ್ಕೊಂದು ಪುಟದಂತೆ ಅರೆಯುವುದು, ಅರೆದದ್ದನ್ನು ಬೆಳಗಿನ ಗಂಜಿಯ ಹೊತ್ತಿಗೆ ಹೆಂಡತಿಗೆ ಓದಿ ಹೇಳುವುದು. ಹಿಲ್ಕಾ ತಲೆಯಾಡಿಸುತ್ತಿದ್ದಳು. ಕೋಣನ ಮುಂದೆ ಕಿನ್ನರಿ ಅನ್ನಬೇಡಿ, ಅವಳು ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಂಡು ಆಫೀಸಿಗೆ ಹೋಗಿ ಅದಕ್ಕೆ ತದ್ವಿರುದ್ಧ ಮಾಡುತ್ತಿದ್ದಳು.

ಅವಳ ಕೆಲಸ ಆರೋಗ್ಯ ಕೇಂದ್ರದ ಕೌಂಟರಿನಲ್ಲಿ. ಅಲ್ಲಿನ ಕಂಪ್ಯೂಟರು ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಜೊತೆಗಾತಿ ಯಾನಾ ತನ್ನ ಕೈಗಡಿಯಾರವನ್ನು ಬಿಚ್ಚಿ ಮೌಸಿನ ಅಡಿಗೆ ಇಡುತ್ತಿದ್ದಳು. ಸೆಕೆಂಡಿನ ಮುಳ್ಳು ಓಡುತ್ತಿದ್ದರೆ ಯಾರೋ ಕೆಲಸ ಮಾಡುತ್ತಿದ್ದಾರೆ ಅಂತ ಯಂತ್ರ ನಂಬಿಕೊಳ್ಳುತ್ತಿತ್ತು. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡು ಬದಲಿಸಲೇಬೇಕು ಅನ್ನುವ ನಿಯಮಕ್ಕೂ ಯಾನಾಳದ್ದೇ ಮದ್ದು. ಆ ದೇಶದ ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಪಕ್ಕದಲ್ಲಿ ಒಂದೊಂದು ಹೆಸರು ಇರುತ್ತದೆ, ಆ ಹೆಸರಿನವರಿಗೆ ಅದು ಹೆಸರಿನ ದಿನ, ಅವತ್ತು ಕಾಫಿ, ಕೇಕು. ಬದಲಿಸುವ ದಿನ ಯಾರ ಹೆಸರಿದೆಯೋ ಅದೇ ಪಾಸ್‌ವರ್ಡು, ಹಿಂದೆ ಇಸವಿ. ಮರೆಯದಿರಲಿ ಅಂತ ಆ ದಿನದ ಮೇಲೆ ಒಂದು ಪುಟ್ಟ ಕಾಫಿ ಕಪ್ಪಿನ ಚಿತ್ರ.

ಇದನ್ನು ಮನೆಯಲ್ಲಿ ಬಾಯಿಬಿಟ್ಟದ್ದು ಹಿಲ್ಕಾಳ ತಪ್ಪು.

"ಅಂದ್ರೆ ನಿಮ್ಮ ಗುಟ್ಟು ದೇಶದ ಎಲ್ಲಾ ಅಡುಗೆಮನೆ ಗೋಡೆ ಮೇಲೂ ನೇತಾಡ್ತಿದೆ ಅನ್ನು," ಅಂದಿದ್ದ ವಾಲ್ಟೊ, ಚಮಚ ಕೆಳಗಿಟ್ಟು.

"ಯಾವ ದಿನ ಅಂತ ಗೊತ್ತಿರ್ಬೇಕಲ್ಲಪ್ಪ."

"ಆ ದಿನದ ಮೇಲೆ ಕಪ್ಪು ಬರ್ದಿದೀವಿ ಅಂತ ನೀನೇ ಹೇಳ್ದೆ."

"ಅದು ಹೊರಗಿನೋರಿಗೆ ಹೇಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಯ್ತಲ್ಲ ಕಣೇ. ನಾನೇನು ನಿಮ್ಮ ಡಾಕ್ಟ್ರಾ?" ಆಮೇಲೆ ಗಂಜಿಯ ಬಟ್ಟಲನ್ನು ನೋಡುತ್ತ, "ನಿಮ್ಮ ಕಡೆ ಜನಾನೇ ಹಂಗೆ. ಬಾಗಿಲಿಗೆ ಪೊರಕೆ ಒರಗ್ಸಿ ಊರಿಗೆ ಹೋಗೋರು," ಅಂದಿದ್ದ.

ಅದು ನಿಜ. ಹಿಲ್ಕಾ ಹುಟ್ಟಿದ ಹಳ್ಳಿಯಲ್ಲಿ ಬಾಗಿಲಿಗೆ ಪೊರಕೆ ಒರಗಿಸಿದ್ದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಅರ್ಥ. ನೋಡಿದವರು ಹಿಂದಿರುಗಿ ಹೋಗುತ್ತಾರೆ. ಗುಡಿಸಲಿಗೆ ಹೋದಾಗಲೂ ಅವಳು ಪೊರಕೆಯನ್ನೇ ಒರಗಿಸುವುದು. ವಾಲ್ಟೊ ಅದರ ಹಿಂದೆ ಎರಡು ಬೀಗ ಜಡಿಯುವುದು. ಮೂವತ್ತನಾಲ್ಕು ವರ್ಷದಲ್ಲಿ ಅವಳು ಹೇಳಿದ್ದಕ್ಕೆ ಅವನು ಒಂದು ನಿಯಮ ಸಡಿಲಿಸಿದ್ದು ಅವಳಿಗೆ ನೆನಪಿಲ್ಲ. ಒಳ್ಳೆಯವನೇ, ಕೈ ಎತ್ತಿದವನಲ್ಲ, ದನಿಯನ್ನೂ ಎತ್ತಿದವನಲ್ಲ. ಆದರೆ ನಿಯಮ ಅಂದರೆ ನಿಯಮ.

ಆ ಬೇಸಿಗೆಯಲ್ಲೇ ಕೊಂಡ ಆ ಕಂಪ್ಯೂಟರಿಗೆ ಪಾಸ್‌ವರ್ಡು ಮಾಡಿದ್ದು ಆಗಸ್ಟಿನಲ್ಲಿ, ಇದೇ ಅಡುಗೆಮನೆಯ ಮೇಜಿನ ಮೇಲೆ. ಮನುಷ್ಯ ತಾನೇ ಆರಿಸಿದ ಪದ ಕೆಲಸಕ್ಕೆ ಬಾರದು, ನಾಯಿಯ ಹೆಸರು, ಹೆಂಡತಿಯ ಹೆಸರು, ಹುಟ್ಟಿದ ದಿನ, ಅಲ್ಲಿಗೇ ಹೋಗಿ ಬೀಳುತ್ತಾನೆ ಅಂತ ಅವನು ಓದಿದ್ದ. ಅದಕ್ಕೆ ದಾಳ. ಅವನೇ ಎರಡು ಚಳಿಗಾಲ ಕೂತು ನಿಘಂಟಿನಿಂದ ಹೆಕ್ಕಿ ಒಂದು ಪಟ್ಟಿ ಮಾಡಿದ್ದ: ಅವರ ಭಾಷೆಯ ಅಕ್ಷರ ಕ್ರಮದಲ್ಲಿ ಏಳು ಸಾವಿರದ ಏಳುನೂರ ಎಪ್ಪತ್ತಾರು ಪದ, ಪುಟಕ್ಕೆ ಮೂವತ್ತಾರರಂತೆ ಇನ್ನೂರ ಹದಿನಾರು ಪುಟ, ಹಸಿರು ಫೈಲಿನಲ್ಲಿ. ಐದು ದಾಳ ಎಸೆದರೆ ಐದು ಅಂಕಿ. ಆ ಸಂಖ್ಯೆಯ ಎದುರಿಗೆ ಯಾವ ಪದ ಇದೆಯೋ ಅದು. ಆರು ಸಲ ಎಸೆದರೆ ಆರು ಪದ. ಎಲ್ಲಿಯೂ ಬರೆದಿಡುವ ಹಾಗಿಲ್ಲ. ನೆನಪಿಡಲು ಆರನ್ನೂ ಪೋಣಿಸಿ ಒಂದು ಕಥೆ ಕಟ್ಟಿಕೊಳ್ಳಬೇಕು.

ಎಸೆದದ್ದು ಹಿಲ್ಕಾ, ಪಟ್ಟಿ ನೋಡಿದ್ದು ಅವನು. ಒಲೆಯ ಮೇಲೆ ಕಾಡುಹಣ್ಣಿನ ಪಾಕ ಕುದಿಯುತ್ತಿತ್ತು, ಅವಳ ಅರ್ಧ ಜೀವ ಅಲ್ಲಿ. ಮುಗಿದಮೇಲೆ ವಾಲ್ಟೊ ಕಣ್ಣು ಮುಚ್ಚಿ ಕಥೆ ಹೇಳಿದ:

"ಒಂದು ಅಳಿಲು ಸಾಸಿವೆ ತಿಂದು ಏಣಿ ಹತ್ತಿತಂತೆ. ಮೇಲೆ ಒಬ್ಬಳು ವಿಧವೆ ತುತ್ತೂರಿ ಊದ್ತಾ ಕೂತಿದ್ಲಂತೆ. ಇಬ್ರೂ ಕೆಸರಿಗೆ ಬಿದ್ರಂತೆ."

"ಅದನ್ನ ತೆಗಿ," ಅಂದಳು ಹಿಲ್ಕಾ.

"ಯಾವುದನ್ನ?"

"ವಿಧವೇನ. ಬೇರೆ ಎಸೀತೀನಿ."

"ಹಂಗೆಲ್ಲ ಮಾಡೋ ಹಾಗಿಲ್ಲ ಕಣೇ. ಇಷ್ಟ ಇಲ್ಲ ಅಂತ ಬದ್ಲಾಯ್ಸಿದ್ರೆ ಅದು ದಾಳದ್ದಲ್ಲ, ನಮ್ಮದಾಗೋಯ್ತು. ಎಲ್ಲರೂ ಮಾಡೋ ತಪ್ಪು ಇದೇ. ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಹಾಕಿದಾರೆ."

"ಪುಸ್ತಕಕ್ಕೇನು, ಅದಕ್ಕೆ ಗಂಡ ಇದಾನಾ? ದಿನಾ ಬೆಳಿಗ್ಗೆ ಎದ್ದು ನೀನು ಅದನ್ನ ಹೊಡೀತಾ ಕೂತ್ಕೊಂಡ್ರೆ ನಂಗೆ ಸರಿ ಹೋಗಲ್ಲ. ಒಂದೇ ಒಂದು ಪದ ವಾಲ್ಟೊ."

"ದಾಳ ಕೊಟ್ಟಿದ್ದು ಕೊಟ್ಟಿದ್ದೇ."

ಅಪಶಕುನ ಕಳೆಯಲಿ ಅಂತ ಹಿಲ್ಕಾ ಮೇಜಿನ ಮರವನ್ನು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ, ಎದ್ದು ಒಲೆಯ ಕಡೆ ಹೋದಳು. ಪಾಕ ಇಳಿಸಿ ತಿರುಗಿ ನೋಡಿದಾಗ ವಾಲ್ಟೊ ಇನ್ನೂ ಅಲ್ಲೇ ಕೂತಿದ್ದ, ಫೈಲಿನ ಪುಟದ ಮೇಲೆ ಬೆರಳಿಟ್ಟುಕೊಂಡು. ಮುನಿಸಿರಬೇಕು ಅಂದುಕೊಂಡಳು. ಆ ಕಥೆಯನ್ನು ಅವನು ಮತ್ತೆ ಹೇಳಲಿಲ್ಲ, ಅವಳೂ ಕೇಳಲಿಲ್ಲ. ನವೆಂಬರಿನಲ್ಲಿ, ಮೊದಲ ಹಿಮ ಬಿದ್ದ ದಿನ, ಅಂಗಳ ಗೋರುತ್ತಿದ್ದವನು ಗೋರುಹಲಗೆಯ ಪಕ್ಕದಲ್ಲೇ ಬಿದ್ದಿದ್ದ. ಡಾಕ್ಟರು ಹೃದಯ ಅಂದರು.

ಹೀಗೆ, ಆರು ಪದ ಅವಳಿಗೆ ಗೊತ್ತಿತ್ತು. ಮಣ್ಣು ಮಾಡಿದ ಮಾರನೇ ದಿನ ಕೂತು ಹೊಡೆದಳು. ಅಳಿಲು, ಸಾಸಿವೆ, ಏಣಿ. ನಾಲ್ಕನೆಯದಕ್ಕೆ ಬೆರಳು ನಿಂತಿತು. ಅವನು ಬದುಕಿದ್ದಾಗ ಆ ಪದಕ್ಕಾಗಿ ಜಗಳ ಆಡಿದವಳು ಈಗ ಅದಕ್ಕೆ ಹಕ್ಕುದಾರಳು. ಹೊಡೆದಳು. ತುತ್ತೂರಿ, ಕೆಸರು.

ತಪ್ಪು, ಅಂದಿತು ಪರದೆ.

ನಿಧಾನವಾಗಿ ಮತ್ತೆ ಹೊಡೆದಳು. ಪದಗಳ ನಡುವೆ ಜಾಗ ಬಿಟ್ಟು, ಬಿಡದೆ, ಅಡ್ಡಗೆರೆ ಇಟ್ಟು, ಮೊದಲಕ್ಷರ ದೊಡ್ಡದು ಮಾಡಿ. ತಪ್ಪು.

ಊರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಒಂದೇ, ಲಪ್ಪಲೈನೆನ್ ಅನ್ನುವವನದ್ದು. ಅವನು ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ನಿಟ್ಟುಸಿರು ಬಿಟ್ಟ.

"ನಿಮ್ಮ ಯಜಮಾನ್ರು ಸರಿಯಾಗೇ ಮಾಡಿದಾರೆ ಬಿಡಿ. ಸಾವಿರಕ್ಕೊಬ್ರು ಹಿಂಗೆ ಮಾಡಲ್ಲ. ನಾನಲ್ಲ, ಪೊಲೀಸ್ರು ಬಂದ್ರೂ ಆಗಲ್ಲ. ಎಲ್ಲಾ ಒರಸಿ ಹೊಸದಾಗಿ ಮಾಡ್ಕೊಡ್ಲಾ? ಯಂತ್ರ ಚೆನ್ನಾಗಿದೆ."

"ಬೇಡ."

"ಪದ ಏನಾದ್ರೂ ಅರ್ಧಂಬರ್ಧ ಗೊತ್ತಿದ್ರೆ ಹೇಳಿ. ಮಿಕ್ಕಿದ್ದನ್ನ ಯಂತ್ರಕ್ಕೇ ಹುಡುಕೋಕೆ ಹಚ್ತೀನಿ. ನೀವು ಕೈಯಲ್ಲಿ ಮಾಡೋಕೆ ಹೋದ್ರೆ ವರ್ಷಗಟ್ಟಲೆ ಆಗುತ್ತೆ."

ಹಿಲ್ಕಾ ಬಾಯಿ ತೆರೆದಳು. ಯಾರಿಗೂ ಹೇಳಬಾರದು ಅನ್ನುವುದು ವಾಲ್ಟೊನ ಮೊದಲ ನಿಯಮ. ಜೀವಮಾನದಲ್ಲಿ ಅವನ ಒಂದು ನಿಯಮವನ್ನೂ ಪಾಲಿಸದವಳಿಗೆ ಈಗ ಅದನ್ನು ಮುರಿಯುವುದಾಗಲಿಲ್ಲ. "ವರ್ಷ ಇದೆ," ಅಂದು ಯಂತ್ರವನ್ನು ಕೈಚೀಲಕ್ಕೆ ಹಾಕಿಕೊಂಡು ಬಂದಳು.

ಎಲ್ಲಿ ತಪ್ಪಿತು ಅಂತ ಯೋಚಿಸಿದಳು. ಆರರಲ್ಲಿ ಒಂದನ್ನು ತಾನು ಸರಿಯಾಗಿ ನೆನಪಿಟ್ಟಿಲ್ಲ. ವಿಧವೆಯ ಬಗ್ಗೆ ಮಾತ್ರ ಅನುಮಾನವೇ ಇರಲಿಲ್ಲ, ಅದಕ್ಕಾಗಿ ಬೈದಾಡಿದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು, ಮತ್ತು ವಾಲ್ಟೊ ಬಗ್ಗುವ ಆಳಲ್ಲ. ಸಾಸಿವೆ ಹೇಳುವಾಗ ಪಾಕ ಉಕ್ಕುವುದರಲ್ಲಿತ್ತು, ಅವಳ ಗಮನ ಅತ್ತ ಹೋಗಿತ್ತು. ಸರಿ, ಸಾಸಿವೆಯ ಜಾಗದಲ್ಲಿ ಪಟ್ಟಿಯ ಒಂದೊಂದೇ ಪದ ಹಾಕಿ ನೋಡುವುದು. ಮೊದಲ ಪುಟದ ಮೊದಲ ಸಾಲಿನಿಂದ.

ಡಿಸೆಂಬರ್ ಒಂದರಂದು ಶುರು ಮಾಡಿದಳು. ಬೆಳಿಗ್ಗೆ ಆರಕ್ಕೆ ಎದ್ದು, ಕಾಫಿ ಮಾಡಿಕೊಂಡು, ಕೆಲಸಕ್ಕೆ ಹೊರಡುವ ಮುಂಚೆ ದಿನಕ್ಕೆ ಎರಡು ಪುಟ. ಪ್ರತಿ ಸಲ ತಪ್ಪಾದಾಗಲೂ ಪೆಟ್ಟಿಗೆ ಖಾಲಿಯಾಗುತ್ತಿತ್ತು, ಆರು ಪದಗಳನ್ನೂ ಮೊದಲಿಂದ ಹೊಡೆಯಬೇಕು. ಹೊಡೆದ ಮೇಲೆ ಯಂತ್ರ ಹತ್ತು ಸೆಕೆಂಡು ಯೋಚಿಸುತ್ತಿತ್ತು. ಆ ಹತ್ತು ಸೆಕೆಂಡಿನಲ್ಲಿ ಅವಳು ಒಂದು ಗುಟುಕು ಕುಡಿಯುತ್ತಿದ್ದಳು. ತಪ್ಪು ಅಂತ ಬಂದರೆ ಪೆನ್ಸಿಲಿನಲ್ಲಿ ಆ ಪದದ ಮುಂದೆ ಒಂದು ಚುಕ್ಕೆ.

ಅಳಿಲು ಕೊಡಲಿ ಏಣಿ ವಿಧವೆ ತುತ್ತೂರಿ ಕೆಸರು. ಅಳಿಲು ಕೊಡೆ ಏಣಿ ವಿಧವೆ ತುತ್ತೂರಿ ಕೆಸರು. ಮೊದಲ ನಾಲ್ಕೈದು ದಿನ ವಿಧವೆಗೆ ಬಂದಾಗ ಬೆರಳು ತಡೆಯುತ್ತಿತ್ತು. ಆಮೇಲೆ ಅದೂ ಹೋಯಿತು. ದಿನಕ್ಕೆ ಎಪ್ಪತ್ತೆರಡು ಸಲ ಬರೆದರೆ ಯಾವ ಪದವಾದರೂ ಅಷ್ಟೇ, ಅರ್ಥ ಸವೆದು ಬರಿ ಅಕ್ಷರ ಉಳಿಯುತ್ತದೆ. ಅವಳಿಗೆ ಅದೇ ಬೇಕಾಗಿತ್ತೇನೋ. ಕ್ರಿಸ್ಮಸ್ ಬಂತು, ಸ್ಮಶಾನಕ್ಕೆ ಹೋಗಿ ಹಿಮದಲ್ಲಿ ದೀಪ ಇಟ್ಟು ಬಂದಳು, ಊರಿನ ದೀಪಗಳ ಮಧ್ಯೆ ಅದೂ ಒಂದು. ಅವತ್ತೂ ಎರಡು ಪುಟ. ಜನವರಿಯಲ್ಲಿ ಜ್ವರ ಬಂತು, ಅವತ್ತೂ ಎರಡು ಪುಟ. ಗಂಡನ ಪಟ್ಟಿಯನ್ನು ಅವಳು ಓದಿದ ಹಾಗೆ ಅವನು ಬದುಕಿದ್ದಾಗ ಅವನ ಒಂದು ಪುಟವನ್ನೂ ಓದಿರಲಿಲ್ಲ. ತಾನು ಹೇಳುವ ಬೈಗುಳಗಳನ್ನೆಲ್ಲ ಅವನು ಬಿಟ್ಟಿದ್ದಾನೆ, ಹಕ್ಕಿಗಳ ಹೆಸರು ಒಂದನ್ನೂ ಬಿಟ್ಟಿಲ್ಲ ಅಂತ ಅವಳಿಗೆ ಗೊತ್ತಾಯಿತು.

ದನಿ ಮಾತ್ರ ದಿನದಿಂದ ದಿನಕ್ಕೆ ದೂರ ಹೋಗುತ್ತಿತ್ತು. ಫೆಬ್ರವರಿಯ ಹೊತ್ತಿಗೆ ಅವನ ಮಾತುಗಳನ್ನು ನೆನೆದರೆ ಅವು ತನ್ನದೇ ದನಿಯಲ್ಲಿ ಬರತೊಡಗಿದವು. ಹೆದರಬೇಕಾದ ಸಂಗತಿ. ಹೆದರಿಕೆಯೂ ಆಗಲಿಲ್ಲ.

ಮಾರ್ಚ್ ಮೂರನೇ ವಾರ ಕೊನೆಯ ಪುಟದ ಕೊನೆಯ ಪದ ಮುಗಿಯಿತು. ತಪ್ಪು. ಹಿಲ್ಕಾ ಲೋಟದ ತಳದ ಕಾಫಿ ಕುಡಿದು, ಫೈಲನ್ನು ಮುಚ್ಚಿ, ಮತ್ತೆ ತೆರೆದಳು. ಹಾಗಾದರೆ ಸಾಸಿವೆ ಸರಿ. ಏಣಿ ತಪ್ಪಿರಬೇಕು. ಪೆನ್ಸಿಲ್ ಇಟ್ಟು ಕೆಂಪು ಪೆನ್ನು ತಗೊಂಡಳು, ಚುಕ್ಕೆಗಳು ಬೆರೆಯಬಾರದಲ್ಲ. ಮೊದಲ ಪುಟದ ಮೊದಲ ಸಾಲು.

ಏಪ್ರಿಲಿನಲ್ಲಿ ಸರೋವರದ ಮಂಜುಗಡ್ಡೆ ಬೂದಿ ಬಣ್ಣಕ್ಕೆ ತಿರುಗಿ, ಮೀನು ಹಿಡಿಯುವವರು ದಡಕ್ಕೆ ಬಂದರು. ಆ ತಿಂಗಳ ಮೂರನೇ ವಾರ ಒಂದು ಬೆಳಿಗ್ಗೆ ಹಿಲ್ಕಾ ಎಂಟಕ್ಕೆ ಕೆಲಸಕ್ಕೆ ಹೋದಾಗ ಕ್ಯಾಲೆಂಡರಿನ ಆ ದಿನದ ಮೇಲೆ ಕಾಫಿ ಕಪ್ಪು ಇತ್ತು. ಪಾಸ್‌ವರ್ಡು ಬದಲಿಸುವ ದಿನ. ಏಳಕ್ಕೇ ಬಂದು ಕೌಂಟರ್ ತೆರೆಯುವ ಯಾನಾ ಬದಲಿಸಿಟ್ಟಿರುತ್ತಾಳೆ, ಉಳಿದವರು ಗೋಡೆ ನೋಡಿ ಹೊಡೆಯುವುದು. ಹಿಲ್ಕಾ ಕಪ್ಪಿನ ಪಕ್ಕದ ಹೆಸರು ನೋಡಿದಳು. ವಾಲ್ಟೊ.

ಹೌದಲ್ಲ, ಇವತ್ತು ಅವನ ಹೆಸರಿನ ದಿನ. ಪ್ರತಿ ವರ್ಷ ಕೇಕು ಮಾಡುತ್ತಿದ್ದಳು. ಈ ಸಲ ನೆನಪೇ ಆಗಿರಲಿಲ್ಲ. ಕೋಟು ಬಿಚ್ಚಿ, ಕೂತು, ಗಂಡನ ಹೆಸರು, ಹಿಂದೆ ಇಸವಿ ಹೊಡೆದಳು. ಬಾಗಿಲು ತೆರೆಯಲಿಲ್ಲ. ಮತ್ತೊಮ್ಮೆ ಹೊಡೆದಳು. ಇಲ್ಲ.

"ತಡಿ ತಡಿ, ಮೂರನೇ ಸಲ ಹೊಡೀಬೇಡ," ಅಂದಳು ಯಾನಾ, ಫೋನಿನ ಬಾಯಿಗೆ ಅಂಗೈ ಮುಚ್ಚಿ. "ಬೀಗ ಬಿದ್ರೆ ಆ ಕಂಪ್ಯೂಟರ್ ವಿಭಾಗದ ಮಹಾನುಭಾವರಿಗೆ ಫೋನ್ ಮಾಡಿ ಅರ್ಧ ದಿನ ಸಂಗೀತ ಕೇಳ್ಬೇಕು."

ಯಾನಾ ಮೆತ್ತಗಿನ ಮಾತಿನವಳಲ್ಲ. ಹನ್ನೊಂದು ವರ್ಷದಿಂದ ಪಕ್ಕದ ಕುರ್ಚಿಯಲ್ಲಿ ಕೂತು ಹಿಲ್ಕಾಳ ಊಟ, ಚಪ್ಪಲಿ, ಗಂಡನ ಬೀಗದ ಹುಚ್ಚು ಯಾವುದನ್ನೂ ಬಿಟ್ಟವಳಲ್ಲ. ವಾಲ್ಟೊ ಸತ್ತಾಗಲೂ ಅವಳು ಹೇಳಿದ್ದು, "ಬಾ, ಕೂತ್ಕೋ, ಬನ್ ತಿನ್ನು," ಅಷ್ಟೇ. ಈಗ ಫೋನಿಟ್ಟು, ಹಿಲ್ಕಾಳ ಮುಖ ನೋಡದೆ ಕಾಗದ ಜೋಡಿಸುತ್ತ ಹೇಳಿದಳು:

"ಪಿಲ್ವಿ ಅಂತ ಹಾಕಿದೀನಿ."

"ಪಿಲ್ವಿ ನಾಳೆ ಅಲ್ವಾ?"

"ಹ್ಞೂಂ, ನಾಳೇದೇ. ಕೆಳಗಿನ ಸಾಲು. ಒಂದು ಸಾಲು ಇಳಿದ್ರೆ ಆಕಾಶ ಏನೂ ಬೀಳಲ್ಲ."

"ಯಾಕೆ?"

"ಮೂರು ತಿಂಗ್ಳು, ದಿನಕ್ಕೆ ಹತ್ತು ಸಲ ಅದನ್ನ ಹೊಡೀಬೇಕಲ್ಲ ಕಣೇ ನೀನು." ಯಾನಾ ಕಾಗದಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿ ಮಾಡಿದಳು. "ನಂಗೇ ಆಗ್ಲಿಲ್ಲ ಬೆಳಿಗ್ಗೆ."

"ಹೇಳಿದ್ರೆ ಆಗ್ತಿತ್ತಲ್ಲ."

"ಹೇಳಿದ್ರೆ ನೀನು, ಪರವಾಗಿಲ್ಲ, ನಿಯಮ ನಿಯಮ ಅಂತಿದ್ದೆ. ನಿನ್ನ ಗಂಡನ ಗಾಳಿ ನಿಂಗೂ ಬಡ್ದಿದೆ. ಹೋಗ್ಲಿ, ಆ ಕೈ ಸುತ್ಕೊಂಡಿರೋ ಅಜ್ಜನ್ನ ಕರಿ, ಏಳೂವರೆಯಿಂದ ಕೂತಿದಾರೆ."

ಹಿಲ್ಕಾ ಪಿಲ್ವಿ ಅಂತ ಹೊಡೆದಳು. ತೆರೆಯಿತು. ಅಜ್ಜನನ್ನು ಕರೆದಳು, ಹೆಸರು ಬರೆದುಕೊಂಡಳು, ಎರಡನೇ ಕೋಣೆಗೆ ಕಳಿಸಿದಳು. ಆಮೇಲೆ ಬಂದವರನ್ನು ಮೂರನೆಯದಕ್ಕೆ. ಹತ್ತೂವರೆಗೆ ಕಾಫಿ. ಯಾನಾಳ ಗಡಿಯಾರ ಮೌಸಿನಡಿಯಲ್ಲಿ ಓಡುತ್ತಿತ್ತು. ಮಧ್ಯಾಹ್ನದ ಬಟಾಣಿ ಸೂಪು ತಿನ್ನುವಾಗ ಅವಳ ಚಮಚ ಅರ್ಧ ದಾರಿಯಲ್ಲಿ ನಿಂತಿತು.

ಪಾಕ ಇಳಿಸಿ ತಿರುಗಿದಾಗ ವಾಲ್ಟೊ ಪುಟದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದನಲ್ಲ. ಪದ ಆಗಲೇ ಸಿಕ್ಕಿತ್ತು. ಕಥೆಯೂ ಕಟ್ಟಿ ಆಗಿತ್ತು. ಎಲ್ಲ ಮುಗಿದ ಮೇಲೆ ಮನುಷ್ಯ ಪಟ್ಟಿಯಲ್ಲಿ ಏನು ಹುಡುಕುತ್ತಾನೆ?

ಮೂರೂವರೆಗೆ ಕೆಲಸ ಬಿಟ್ಟು ಮನೆಗೆ ನಡೆದಳು. ಅವಸರ ಮಾಡಲಿಲ್ಲ. ಬೂಟು ಬಿಚ್ಚಿ, ಕೈ ತೊಳೆದು, ಫೈಲನ್ನು ಬೆಳಕಿಗೆ ಹಿಡಿದು ಆ ಪುಟ ತೆಗೆದಳು. ನಡುವಿನ ಹತ್ತಿರದ ಪುಟ. ವಿಧವೆ ಅನ್ನುವುದರ ಮುಂದೆ ಅವಳದ್ದೇ ಪೆನ್ಸಿಲ್ ಚುಕ್ಕೆ ಇತ್ತು. ಅದರ ಕೆಳಗಿನ ಸಾಲು: ಅಚ್ಚು. ಅವರ ಭಾಷೆಯಲ್ಲಿ ಎರಡೂ ಪದಗಳಿಗೆ ಒಂದೇ ಅಕ್ಷರದ ವ್ಯತ್ಯಾಸ. ಬೂಟು ಹೊಲಿಯುವವರು ಒಳಗೆ ತೂರಿಸಿ ಬಡಿಯುತ್ತಾರಲ್ಲ, ಆ ಮರದ ಕಾಲು. ಅದಕ್ಕೂ ಜನವರಿಯಲ್ಲಿಟ್ಟ ಚುಕ್ಕೆ ಇತ್ತು. ಆಗ ಅದನ್ನು ಸಾಸಿವೆಯ ಜಾಗದಲ್ಲಿ ಹೊಡೆದಿದ್ದಳು, ಎರಡು ಪದ ಆಚೆಗೆ ಹಳೆಯ ವಿಧವೆಯನ್ನು ಹಾಗೇ ಬಿಟ್ಟು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುತ್ತಾರಲ್ಲ, ಅದು ಇವಳನ್ನು ನೋಡಿಯೇ ಹೇಳಿದ್ದಿರಬೇಕು.

ಅಳಿಲು, ಸಾಸಿವೆ, ಏಣಿ, ಅಚ್ಚು, ತುತ್ತೂರಿ, ಕೆಸರು.

ಹತ್ತು ಸೆಕೆಂಡು. ಕುಡಿಯಲು ಕೈಯಲ್ಲಿ ಕಾಫಿ ಇರಲಿಲ್ಲ.

ಪರದೆ ಬೆಳಗಿತು. ಕಂಪ್ಯೂಟರು ಏನೂ ಆಗಿಲ್ಲವೆಂಬಂತೆ ವಾಲ್ಟೊನ ಅಚ್ಚುಕಟ್ಟಾದ ಫೋಲ್ಡರುಗಳನ್ನು ಸಾಲಾಗಿ ತೋರಿಸಿತು, ಒಂದೊಂದು ಬೇಸಿಗೆಗೆ ಒಂದೊಂದು.

ಹಿಲ್ಕಾ ಅವನ್ನು ಮುಟ್ಟಲಿಲ್ಲ. ಲೆಕ್ಕದಲ್ಲಿ ಅವಳು ಯಾವತ್ತೂ ಚುರುಕಲ್ಲ, ಆದರೂ ಈ ಲೆಕ್ಕ ತಾನಾಗಿಯೇ ಆಯಿತು. ಸಾಸಿವೆಯ ಸುತ್ತು ಪೂರ್ತಿ, ಏಣಿಯ ಸುತ್ತಿನ ಅರವತ್ತು ಪುಟ. ಹತ್ತು ಸಾವಿರ ಸಲಕ್ಕೆ ಸ್ವಲ್ಪವೇ ಕಡಿಮೆ ಅವಳು ಈ ಮೇಜಿನ ಮುಂದೆ ಕೂತು ವಿಧವೆ, ವಿಧವೆ ಅಂತ ಬರೆದಿದ್ದಳು. ಅವಳು ಬೇಡ ಅಂದ ದಿನವೇ ಅವನು ಆ ಪದವನ್ನು ತೆಗೆದುಹಾಕಿದ್ದ. ಒಂದು ಸಾಲು ಕೆಳಗೆ ಬೆರಳು ಜರುಗಿಸಿ, ದಪ್ಪಕ್ಷರದ ನಿಯಮ ಮುರಿದು, ಆಮೇಲೆ ಎರಡೂವರೆ ತಿಂಗಳು ದಿನಾ ಬೆಳಿಗ್ಗೆ ಬೂಟಿನ ಅಚ್ಚನ್ನು ಏಣಿಯ ಮೇಲೆ ಕೂರಿಸಿ ತುತ್ತೂರಿ ಊದಿಸುತ್ತಿದ್ದ. ಹೆಂಡತಿಗೆ ಒಂದು ಮಾತು ಹೇಳಿರಲಿಲ್ಲ. ಸೋತೆ ಅಂತ ಒಪ್ಪಿಕೊಳ್ಳಲು ನಾಚಿಕೆಯಾಗಿತ್ತೋ, ಕೇಳಿದರೆ ಹೇಳೋಣ ಅಂತಿದ್ದನೋ.

ಐದು ತಿಂಗಳಲ್ಲಿ ಮೊದಲು ಬಂದದ್ದು ಸಿಟ್ಟು. ಬಂದ ರಭಸಕ್ಕೆ ಅವಳಿಗೇ ಕಿವಿ ಬಿಸಿಯಾಯಿತು.

"ಹೇಳ್ಬಾರ್ದಿತ್ತೇನೋ," ಅಂದಳು, ಎದುರಿನ ಖಾಲಿ ಕುರ್ಚಿಗೆ. "ಒಂದು ಮಾತು. ಒಂದೇ ಒಂದು ಮಾತು ಹೇಳಕ್ಕೆ ಏನಾಗಿತ್ತು ನಿಂಗೆ."

ಹಿಲ್ಕಾ ಮೂಗು ಒರೆಸಿಕೊಂಡು ಕೊನೆಯ ಬೇಸಿಗೆಯ ಫೋಲ್ಡರು ತೆರೆದಳು. ದೋಣಿ, ದೋಣಿ, ಪೊರಕೆ ಒರಗಿಸಿದ ಬಾಗಿಲು, ಮತ್ತೆ ದೋಣಿ. ಕಡೆಯಲ್ಲಿ ನಲವತ್ತೊಂದು ಸೆಕೆಂಡು. ಒತ್ತಿದಳು.

ಗಾಳಿ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚುರುಗುಟ್ಟುವ ಸದ್ದು. ಅಂಗಿಯ ತೋಳು ಮಡಚಿದ ಬೆನ್ನು. ಆಮೇಲೆ ಅವಳದೇ ದನಿ, ಬೇರೆ ಯಾರದ್ದೋ ಅನ್ನುವಷ್ಟು ಹಗುರವಾಗಿ: "ವಾಲ್ಟೊ, ಇಲ್ನೋಡು. ಏನಾದ್ರೂ ಹೇಳು."

ಬೆನ್ನು ತಿರುಗಲಿಲ್ಲ. ಇಕ್ಕಳ ಒಂದೊಂದೇ ಸಾಸೇಜನ್ನು ಮಗುಚುತ್ತ ಹೋಯಿತು, ಇದ್ದಬದ್ದ ಸೆಕೆಂಡುಗಳನ್ನೆಲ್ಲ ತಿಂದುಹಾಕುತ್ತ. ಇನ್ನೇನು ಮುಗಿಯಿತು ಅನ್ನುವಾಗ ಅವನು ಅರ್ಧ ಮುಖ ಹೊರಳಿಸಿದ.

"ಹೇಳಕ್ಕೆ ಏನಿದೆ ಕಣೇ," ಅಂದ. "ಆಯ್ತು ಇದು. ತಟ್ಟೆ ತಾ."

ಆ ದನಿ. ಸ್ವಲ್ಪ ಗೊರಗೊರ, ಕೊನೆಗೆ ಇಳಿದುಹೋಗುವಂಥದ್ದು. ಅದನ್ನು ಮರೆತಿದ್ದೆ ಅನ್ನುವುದೇ ಅವಳಿಗೆ ಮರೆತುಹೋಯಿತು. ಹಿಲ್ಕಾ ಎದ್ದು ಹೋಗಿ, ಕಪಾಟು ತೆರೆದು, ಅವನ ನೀಲಿ ಅಂಚಿನ ತಟ್ಟೆ ತೆಗೆದು, ಎರಡು ಹೆಜ್ಜೆ ಬಂದಳು. ಪರದೆ ನಿಂತುಹೋಗಿತ್ತು. ತಟ್ಟೆಯನ್ನು ಯಾರಿಗೆ ಕೊಡುವುದು ಅಂತ ಗೊತ್ತಾಗದೆ ಅಡುಗೆಮನೆಯ ನಡುವೆ ನಿಂತಾಗ ಅವಳಿಗೆ ಅಳು ಬಂತು. ತಟ್ಟೆಯನ್ನು ಎದೆಗೆ ಅವುಚಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಅತ್ತಳು.